ಆಯಿ ಉಳಿಸಿದ ಎರಡು ಸಾಲು

ನಮ್ಮ ಮನೆ ಗೋಪನಕೊಪ್ಪದಲ್ಲಿ. ಬೇರೆ ಜಿಲ್ಲೆಯವರು ಊರು ಕೇಳಿದ್ರೆ ಹುಬ್ಬಳ್ಳಿ ಅಂತೀನಿ. ಹುಬ್ಬಳ್ಳಿಯವರೇ ಕೇಳಿದ್ರೆ ಗೋಪನಕೊಪ್ಪ ಅಂತೀನಿ. ಆಗ ಅವರು "ಓ, ಬೆಂಗೇರಿ ಹತ್ರ?" ಅಂತಾರೆ. ಹೌದು, ದೇಶಕ್ಕೆಲ್ಲ ರಾಷ್ಟ್ರಧ್ವಜ ಮಾಡಿ ಕೊಡೋ ಬೆಂಗೇರಿಯ ಮಗ್ಗುಲದ್ದೇ ನಮ್ಮ ಊರು. ಊರು ಅನ್ನಬೇಕೋ ಬಡಾವಣೆ ಅನ್ನಬೇಕೋ ನನಗೂ ಗೊತ್ತಾಗೋದಿಲ್ಲ. ಮನೆ ಮುಂದಿನ ನಳ ಮಹಾನಗರ ಪಾಲಿಕೆಯದು, ಹಿತ್ತಲಿನ ಸಗಣಿ ನಮ್ಮ ಎಮ್ಮೆಯದು.

ಅಜ್ಜನ ಕಾಲದಲ್ಲಿ ನಮ್ಮದು ನಾಲ್ಕು ಎಕರೆ ಎರಿ ಹೊಲ ಇತ್ತಂತೆ. ಅತ್ತೆಯಂದಿರ ಮದುವೆಗೆ ಒಂದಿಷ್ಟು, ಅಜ್ಜನ ದವಾಖಾನೆಗೆ ಒಂದಿಷ್ಟು ಹೋಗಿ, ನಾನು ನೋಡೋ ಹೊತ್ತಿಗೆ ಒಂದೇ ಎಕರೆ ಉಳಿದಿತ್ತು. ಅದರಲ್ಲಿ ಇಪ್ಪತ್ತು ಗುಂಟೆ ಕಾಕಾಂದು, ಇಪ್ಪತ್ತು ಗುಂಟೆ ಅಪ್ಪಂದು. ಹೋದ ವರ್ಷ ಕಾಕಾ ತನ್ನ ಪಾಲು ಲೇಔಟ್‌ನವರಿಗೆ ಕೊಟ್ಟ. ಕಲ್ಲು ನೆಟ್ಟು, ಕೆಂಪು ಬಣ್ಣದಲ್ಲಿ ಪ್ಲಾಟ್ ನಂಬರ್ ಬರೆದ್ರು. ಅವರೇ ಅಪ್ಪನ ಹತ್ರಾನೂ ಬಂದ್ರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬ್ಯಾಸಗಿ ಸವತಿಕಾಯಿ ಒಂದ್ ಬೆಳಿ ನೋಡೂಣು. ಬೋರಿನ ಕರೆಂಟು, ಆಳಿನ ಪಗಾರ ಕಳದು ಏನರ ಉಳದ್ರ ಇನ್ನೊಂದ್ ವರ್ಷ ಇಟ್ಕೊಳ್ಳೂಣು" ಅಂದ.

ಇಂಥ ಹೊತ್ತಿನಲ್ಲಿ ಮನೆಯ 'ಇಂಜಿನಿಯರ್' ಆದ ನಾನು ಸುಮ್ಮನೆ ಕೂತಿರಬೇಕಿತ್ತು. ಕೂರಲಿಲ್ಲ.

ಸವತೆ ಬಳ್ಳಿ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ನಾಟಿ ಸವತೆಯ ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಬರ್ತವೆ, ಹೆಣ್ಣು ಹೂವೂ ಬರ್ತವೆ. ಎರಡೂ ಹಳದಿ. ಹೂವಿನ ಕೆಳಗೆ ಕಿರುಬೆರಳಷ್ಟು ಮುಳ್ಳು ಮುಳ್ಳಿನ ಪುಟ್ಟ ಕಾಯಿ ಇದ್ರೆ ಹೆಣ್ಣು, ಬರೀ ತೊಟ್ಟು ಇದ್ರೆ ಗಂಡು. ಮೊದಲು ಬರೋದು ಗಂಡು ಹೂ, ಗೊಂಚಲು ಗೊಂಚಲಾಗಿ. ಹೆಣ್ಣು ಆಮೇಲೆ, ಅದೂ ಅಲ್ಲೊಂದು ಇಲ್ಲೊಂದು. ಹಗಲು ಉದ್ದ ಆದಷ್ಟೂ, ಬಿಸಿಲು ಏರಿದಷ್ಟೂ ಗಂಡು ಹೂವಿನ ಪಾಲು ಹೆಚ್ಚುತ್ತೆ. ಹಂಗಾಗಿ ಬೇಸಗೆ ಬೆಳೆಯಲ್ಲಿ ಹೊಲ ತುಂಬ ಹಳದಿ ಕಾಣ್ತದೆ, ಬುಟ್ಟಿ ಮಾತ್ರ ತುಂಬೋದಿಲ್ಲ. ಆಯಿ, ಅಂದ್ರೆ ನಮ್ಮಪ್ಪನ ಅವ್ವ, ದಿನಾ ಮುಂಜಾನೆ ಎಲೆ ಎತ್ತಿ ಎತ್ತಿ ನೋಡ್ತಾ "ಎಲ್ಲಾ ಪೊಳ್ಳ ಹೂನ, ಹೆಣ್ಣ ಎಲ್ಲದಾವು?" ಅಂತ ಗೊಣಗ್ತಿದ್ದಳು.

ಆ ಮಾತು ಕೇಳಿದಾಗೆಲ್ಲ ನನಗೆ ಒಳಗೆ ಒಂದು ಮುಳ್ಳು ಆಡ್ತಿತ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಸೆಪ್ಟೆಂಬರ್‌ನಲ್ಲಿ ಧಾರವಾಡ ಕೃಷಿ ಮೇಳಕ್ಕೆ ಅಪ್ಪನ ಜೋಡಿ ಹೋಗಿದ್ದೆ. ಆ ಗದ್ದಲದಲ್ಲಿ ಪರಿಚಯವಾದ ಒಬ್ಬ ರೈತರು, ಎಥೆಫಾನ್ ಹೊಡೆದ್ರೆ ಸವತೆಯಲ್ಲಿ ಹೆಣ್ಣು ಹೂ ಹೆಚ್ಚಾಗ್ತವೆ ಅಂದ್ರು. ಅಪ್ಪ ನಕ್ಕು ಮುಂದೆ ಹೋದ. ನಾನು ಮನೆಗೆ ಬಂದು ಓದೋಕೆ ಕೂತೆ. ಓದಿದಷ್ಟೂ ಮಜಾ ಅನಿಸ್ತು, ನಿಮಗೂ ಅನಿಸಬಹುದು.

ಸವತೆಯ ಪ್ರತಿಯೊಂದು ಮೊಗ್ಗೂ ಶುರುವಾಗೋದು ಎರಡೂ ಆಗಿ. ಕೇಸರ, ಅಂಡಾಶಯ ಎರಡರ ಮೊಳಕೆಯೂ ಅದರಲ್ಲಿರ್ತದೆ. ಆಮೇಲೆ ಒಂದು ಬೆಳೀತದೆ, ಇನ್ನೊಂದು ಅಲ್ಲೇ ನಿಲ್ತದೆ. ಯಾವುದು ನಿಲ್ಲಬೇಕು ಅನ್ನೋದರಲ್ಲಿ ದೊಡ್ಡ ಕೈ ಒಂದು ಅನಿಲದ್ದು, ಎಥಿಲೀನ್. ನಾವು ಪಿಯುಸಿ ಕೆಮಿಸ್ಟ್ರಿಯಲ್ಲಿ ಎರಡು ಕಾರ್ಬನ್ನು, ನಾಲ್ಕು ಹೈಡ್ರೋಜನ್ನು ಅಂತ ಬರೆದು ಮುಗಿಸಿದ ಅದೇ ಎಥಿಲೀನ್. ಹೊಲದ ಡ್ರಿಪ್ ಪೈಪು ಮಾಡೋದೂ ಅದರಿಂದಲೇ. ಗಿಡ ತಾನೇ ಅದನ್ನ ಒಳಗೆ ತಯಾರಿಸಿಕೊಳ್ತದೆ. ಮೊಗ್ಗಿನಲ್ಲಿ ಅದು ಹೆಚ್ಚಾದ್ರೆ ಹೆಣ್ಣು, ಕಡಿಮೆಯಾದ್ರೆ ಗಂಡು. ಜಿಬ್ಬೆರೆಲಿನ್ ಅನ್ನೋ ಇನ್ನೊಂದು ಹಾರ್ಮೋನು ಇದರ ಉಲ್ಟಾ, ಗಂಡಿನ ಕಡೆ ಎಳೀತದೆ.

ಎಥಿಲೀನಿನ ಗುಟ್ಟು ಮೊದಲು ಬಯಲಾಗಿದ್ದು ಬೀದಿ ದೀಪದಿಂದ. 19ನೇ ಶತಮಾನದಲ್ಲಿ ಯುರೋಪಿನ ಊರುಗಳಲ್ಲಿ ದೀಪಕ್ಕೆ ಗ್ಯಾಸು ಪೈಪಿನಲ್ಲಿ ಬರ್ತಿತ್ತು. ಪೈಪು ಸೋರಿದ ಕಡೆ ಮರದ ಎಲೆ ಉದುರ್ತಿದ್ವು. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್, ತನ್ನ ಲ್ಯಾಬಿನ ಬಟಾಣಿ ಸಸಿ ಅಡ್ಡಾದಿಡ್ಡಿ ಬೆಳೆಯೋದಕ್ಕೆ ಆ ಗ್ಯಾಸಿನೊಳಗಿನ ಎಥಿಲೀನೇ ಕಾರಣ ಅಂತ ತೋರಿಸಿದ. ಗಿಡಗಳೇ ಅದನ್ನ ಬಿಡ್ತವೆ ಅಂತ ಖಾತ್ರಿಯಾಗಿದ್ದು 1934ರಲ್ಲಿ. ಇವ್ಯಾವೂ ಗೊತ್ತಿಲ್ಲದೆ ನಮ್ಮ ಹಿರಿಯರು ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡ್ತಿದ್ರು, ಮಾವು ಹುಲ್ಲಿನಲ್ಲಿ ಮುಚ್ಚಿ ಇಡ್ತಿದ್ರು. ಹೊಗೆಯಲ್ಲಿ ಇದ್ದದ್ದೂ ಅದೇ, ಹುಲ್ಲಿನಡಿ ತಡೆದು ನಿಂತದ್ದೂ ಅದೇ. ಮೆಕ್ಯಾನಿಕಲ್‌ನವರಿಗೆ ಗೊತ್ತಿರೋ ವೆಲ್ಡಿಂಗಿನ ಅಸಿಟಿಲೀನ್ ಇದರ ಸಂಬಂಧಿ. ಕಾರ್ಬೈಡಿಗೆ ನೀರು ತಾಗಿದ್ರೆ ಅದು ಬರ್ತದೆ. ಅದಕ್ಕೇ ವ್ಯಾಪಾರಸ್ಥರು ಕದ್ದು ಕಾರ್ಬೈಡಿನಲ್ಲಿ ಹಣ್ಣು ಮಾಡೋದು, ಸರಕಾರ ಅದನ್ನ ನಿಷೇಧಿಸಿ ಎಥಿಲೀನಿಗೆ ಮಾತ್ರ ಅನುಮತಿ ಕೊಟ್ಟಿರೋದು.

ಅನಿಲವನ್ನ ಬಯಲು ಹೊಲದಲ್ಲಿ ಹೊಡೆಯೋಕಾಗಲ್ಲ. ಅದಕ್ಕೆ ಎಥೆಫಾನ್ ಅನ್ನೋ ದ್ರವ. ಬಾಟಲಿಯಲ್ಲಿ ಅದು ಜೋರು ಆಮ್ಲ, ಆಮ್ಲವಾಗಿರೋ ತನಕ ಗಟ್ಟಿಯಾಗಿ ಇರ್ತದೆ. ಎಲೆಯ ಒಳಗೆ ಹೋದ್ಮೇಲೆ ಆಮ್ಲತೆ ಇಳಿದು, ಒಡೆದು ಎಥಿಲೀನ್ ಬಿಡ್ತದೆ. ಇದರಿಂದ ಸವತೆಯ ಹೂವಿನ ಲಿಂಗ ಬದಲಾಗ್ತದೆ ಅಂತ 1968ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿದೆ. ಸಾಮಾನ್ಯವಾಗಿ ಹೇಳೋ ಪ್ರಮಾಣ 150ರಿಂದ 200 ಪಿಪಿಎಂ. ಎರಡು ಎಲೆ ಬಂದಾಗ ಒಂದು ಸಲ, ನಾಲ್ಕು ಎಲೆ ಬಂದಾಗ ಇನ್ನೊಂದು ಸಲ.

ಲೆಕ್ಕ ಸುಲಭ. 39 ಪರ್ಸೆಂಟ್ ಬಾಟಲಿ ಅಂದ್ರೆ ಲೀಟರಿಗೆ ಸುಮಾರು 390 ಗ್ರಾಂ. 200 ಪಿಪಿಎಂ ಅಂದ್ರೆ ಲೀಟರ್ ನೀರಿಗೆ 200 ಮಿಲಿಗ್ರಾಂ. ಅಂದ್ರೆ ಲೀಟರಿಗೆ ಅರ್ಧ ಎಂಎಲ್. ನಮ್ಮ ಬೆನ್ನ ಮೇಲಿನ ಪಂಪು 16 ಲೀಟರಿನದು, ಅದಕ್ಕೆ ಎಂಟು ಎಂಎಲ್. ಈ ಲೆಕ್ಕವನ್ನ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದು ಅಪ್ಪಗೆ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ನೀ ಮುಂದ ನಿಂತು ಹೊಡಸಿದ್ರ ಹೊಡಿಯೂಣವ್ವಾ" ಅಂದ.

ಫೆಬ್ರುವರಿ ಮೊದಲ ವಾರ ಬೀಜ ಊರಿದ್ವಿ. ಎರಡನೇ ಎಲೆ ಬಿಚ್ಚಿದ ದಿನ ಕೈಗವಸು ಹಾಕ್ಕೊಂಡು, ಮುಖಕ್ಕೆ ಓಡ್ನಿ ಸುತ್ತಿಕೊಂಡು ನಾನೇ ಔಷಧ ಅಳೆದೆ. ಅಪ್ಪ ಪಂಪು ಹೊತ್ತ. ಒಡ್ಡಿನ ಮಗ್ಗುಲ ಎರಡು ಸಾಲು ಬಂದಾಗ ಆಯಿ ಅಡ್ಡ ನಿಂತಳು. "ಇವನ್ನ ಬಿಡ್ರಿ."

"ಯಾಕ ಆಯಿ?"

"ಹೊಸಾ ಔಷಧ. ಮನ್ಯಾಗಿನ ಎಲ್ಲಾ ಕೂಸಿಗೂ ಒಮ್ಮೆಲೇ ಕುಡಸ್ತಾರೇನ?"

ನಾನು ನಕ್ಕೆ. ಅಪ್ಪನೂ ನಕ್ಕ. ಆದ್ರೂ ಎರಡು ಸಾಲು ಬಿಟ್ವಿ, ಆಯಿ ಜೋಡಿ ವಾದ ಮಾಡಿ ಗೆದ್ದವರು ನಮ್ಮ ಮನೇಲಿ ಇಲ್ಲ.

ಎರಡು ದಿನ ಕಳೀತು. ಸಸಿಗಳು ಹೆಂಗಿದ್ವೋ ಹಂಗೇ ಇದ್ವು. ಮೂರನೇ ದಿನವೂ ಹಂಗೇ. ನನಗೆ ತಳಮಳ ಶುರುವಾಯ್ತು. ರಾತ್ರಿ ಇಂಟರ್ನಲ್ಸಿಗೆ ಓದೋದು ಬಿಟ್ಟು ಎಥೆಫಾನ್ ಬಗ್ಗೆ ಓದಿದೆ. ಕ್ಷಾರದ ನೀರಲ್ಲಿ ಅದು ಎಲೆಗೆ ಸೇರೋ ಮೊದಲೇ ಒಡೆದು ಹೋಗ್ತದೆ ಅಂತ ಸಿಕ್ತು. ನಮ್ಮ ಬೋರಿನ ನೀರೋ, ಚಹಾ ಪಾತ್ರೆಗೆ ಬಿಳಿ ಪದರ ಕಟ್ಟೋ ಗಡಸು ನೀರು. ಸರಿ, ಔಷಧ ಪಂಪಿನಲ್ಲೇ ಸತ್ತಿದೆ ಅಂತ ನಾನೇ ತೀರ್ಮಾನ ಮಾಡಿದೆ. ಪರೀಕ್ಷೆ ಮಾಡಲಿಲ್ಲ. ಲ್ಯಾಬಿನಿಂದ ಒಂದು ಪಿಎಚ್ ಪೇಪರ್ ಕೇಳಿದ್ರೆ ಸಿಗ್ತಿತ್ತು, ಕೇಳಲಿಲ್ಲ. ಮರುದಿನ ಟ್ಯಾಂಕರಿನ ನೀರು ತಂದು, ಎಂಟರ ಬದಲು ಇಪ್ಪತ್ತು ಎಂಎಲ್ ಹಾಕಿ ಮತ್ತೆ ಹೊಡೆಸಿದೆ. ಅದು 500 ಪಿಪಿಎಂ ಹತ್ರ ಆಯ್ತು. ನಾಲ್ಕನೇ ಎಲೆಗೆ ಇನ್ನೊಂದು ಸಲ, ಪುಸ್ತಕದಲ್ಲಿ ಇದ್ದಂಗೆ.

ಮೂರು ಸಲವೂ ಅಪ್ಪ ಒಂದೇ ಮಾತು ಕೇಳಿದ. "ಲೆಕ್ಕ ಬರೋಬ್ಬರಿ ಐತಲ್ಲ?" ಮೂರು ಸಲವೂ ನಾನು ಹೂಂ ಅಂದೆ.

ಮಾರ್ಚಿನಲ್ಲಿ ಬಳ್ಳಿ ಹಬ್ಬಬೇಕಿತ್ತು. ಹಬ್ಬಲಿಲ್ಲ. ಗೆಣ್ಣು ಗೆಣ್ಣು ಹತ್ತಿರ ಬಂದು ಬಳ್ಳಿ ಮುದುಡಿ ಕೂತ್ವು, ಕೆಳಗಿನ ಎಲೆ ಹಳದಿಯಾದ್ವು. ಒಡ್ಡಿನ ಮಗ್ಗುಲ ಆಯಿಯ ಎರಡು ಸಾಲು ಮಾತ್ರ ಮೊಳಕಾಲುದ್ದ ಹರಿದಾಡಿದ್ವು. ನೋಡಿದವರು ಅದು ಬೇರೆ ತಳಿ ಅಂದುಕೊಳ್ಳಬೇಕು, ಹಂಗೆ.

ಅದೇ ವಾರ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಡೆಡ್ ಟೈಮ್ ಬಂತು. ಇನ್‌ಪುಟ್ ಕೊಟ್ಟ ಮೇಲೆ ಔಟ್‌ಪುಟ್ ಕಾಣೋಕೆ ಹೊತ್ತು ಹಿಡಿಯೋ ಸಿಸ್ಟಮ್‌ಗೆ, ಕಾಣಲಿಲ್ಲ ಅಂತ ಮತ್ತೆ ಮತ್ತೆ ಇನ್‌ಪುಟ್ ಕೊಟ್ರೆ ಏನಾಗ್ತದೆ ಅಂತ ಸರ್ ಬೋರ್ಡಿನ ಮೇಲೆ ಗೆರೆ ಎಳೆದ್ರು. ಗೆರೆ ಗುರಿ ದಾಟಿ ಮ್ಯಾಲೆ ಮ್ಯಾಲೆ ಹೋಯ್ತು. ಉದಾಹರಣೆಗೆ ಅವರು ಹೇಳಿದ್ದು ಹಾಸ್ಟೆಲ್ ಗೀಜರು. ಬಿಸಿ ನೀರು ಬರೋ ತನಕ ಕಾಯದೆ ನಳ ತಿರುವಿ ಮೈ ಸುಟ್ಟುಕೊಳ್ಳೋದು. ಎಲ್ಲರೂ ನಕ್ರು. ನಾನು ನೋಟ್ಸಿನಲ್ಲಿ ಗೀಜರ್ ಬದಲು ಸವತೆ ಬಳ್ಳಿ ಬರೆದುಕೊಂಡೆ. ಮೊಗ್ಗು ಹೆಣ್ಣೋ ಗಂಡೋ ಅಂತ ತೀರ್ಮಾನ ಆಗೋದು ಎಲೆ ಬಿಚ್ಚೋ ದಿನಗಳಲ್ಲಿ, ನಮ್ಮ ಕಣ್ಣಿಗೆ ಬೀಳೋದು ಎರಡು ಮೂರು ವಾರ ಆದ್ಮೇಲೆ. ಮೂರು ದಿನಕ್ಕೆ ಫಲಿತಾಂಶ ಹುಡುಕಿದವಳು ನಾನು.

ಹೂ ಬಂದ್ವು. ಬಂದದ್ದೆಲ್ಲ ಹೆಣ್ಣು! ಗೆಣ್ಣಿಗೊಂದು, ಕೆಲವು ಕಡೆ ಎರಡು. ಔಷಧ ತನ್ನ ಕೆಲಸ ಮಾಡಿತ್ತು, ಬೇಕಾದದ್ದಕ್ಕಿಂತ ಜಾಸ್ತಿನೇ ಮಾಡಿತ್ತು. ಒಂದು ಮುಂಜಾನೆ ಮೂವತ್ತು ಬಳ್ಳಿ ನೋಡಿದೆ, ಒಂದೂ ಗಂಡು ಹೂ ಸಿಗಲಿಲ್ಲ. ಎರಡು ದಿನ ನಾನು ಗೆದ್ದೆ ಅಂತ ತಿರುಗಾಡಿದೆ. ಮೂರನೇ ದಿನ ಆ ಪುಟ್ಟ ಕಾಯಿಗಳು ತುದಿಯಿಂದ ಹಳದಿಯಾಗಿ ಬಾಡಿ ಉದುರೋಕೆ ಹತ್ತಿದ್ವು. ಪರಾಗ ಇಲ್ಲದೆ ಕಾಯಿ ಎಲ್ಲಿಂದ? ಪಾಲಿಹೌಸಿನಲ್ಲಿ ಬೆಳೆಯೋ ಕೆಲವು ತಳಿಗೆ ಪರಾಗ ಬೇಡ. ನಮ್ಮದು ಬಯಲಿನ ತಳಿ, ಅದಕ್ಕೆ ಬೇಕೇ ಬೇಕು. ಪೂರ್ತಿ ಹೆಣ್ಣು ಹೂ ಬಿಡೋ ಹೈಬ್ರಿಡ್ ಮಾಡೋರು ಸಹ ಬೀಜದಲ್ಲಿ ಹತ್ತಕ್ಕೆ ಒಂದರ ಲೆಕ್ಕ ಗಂಡು ಹೂ ಬಿಡೋ ತಳಿ ಬೆರೆಸಿ ಕೊಡ್ತಾರೆ ಅಂತ ಆಮೇಲೆ ಓದಿದೆ. ಆಮೇಲೆ.

ಅವತ್ತು ರಾತ್ರಿ ಊಟದ ಹೊತ್ತಿಗೆ ಅಪ್ಪ ಸುಮ್ಮನೆ ರೊಟ್ಟಿ ಮುರೀತಿದ್ದ. ತಾಟಿನಲ್ಲಿ ಉಳ್ಳಾಗಡ್ಡಿ, ಮೂಲಂಗಿ ಇದ್ವು, ಸವತಿಕಾಯಿ ಇರಲಿಲ್ಲ. ಆಯಿ ಮಾತ್ರ "ಹೆಣ್ಣ ಬೇಕು ಬೇಕು ಅಂದ್ವಿ, ಬಂದ ಮ್ಯಾಲ ಉಳಿಸ್ಕೊಳ್ಳಾಕ ಆಗವಲ್ದು" ಅಂದಳು. ಅವಳು ಹೇಳಿದ್ದು ಹೂವಿನ ಮಾತು. ನನಗೆ ತಡಕೊಳ್ಳೋಕಾಗಲಿಲ್ಲ.

"ಹೊಲದಾಗ ಅಷ್ಟ ಹೆಣ್ಣ ಬೇಕು ನಿಮಗ. ಮನ್ಯಾಗ ಬ್ಯಾಡ. ನಾ ಹುಟ್ಟಿದಾಗ ದವಾಖಾನಿ ಕಟ್ಟಿ ಮ್ಯಾಲ ಕುಂತು ನೀ ಅತ್ತೀಯಂತಲ್ಲ!"

ನಾನು ಮನೆಗೆ ಮೂರನೇ ಹೆಣ್ಣು. ಈ ಕತೆಯನ್ನ ಚಿಕ್ಕವಳಿದ್ದಾಗಿಂದ ಯಾರು ಯಾರೋ ನಗ್ತಾ ಹೇಳಿದ್ದಾರೆ. ನಾನು ಒಮ್ಮೆಯೂ ನಕ್ಕಿರಲಿಲ್ಲ. ಆಯಿ ಏನೂ ಅನ್ನಲಿಲ್ಲ. ಎದ್ದು ಕೈ ತೊಳೆದು ಮಲಗಿದಳು. ಅಪ್ಪನ ಕೈಯಲ್ಲಿನ ರೊಟ್ಟಿ ಹಂಗೇ ಇತ್ತು.

ಮರುದಿನ ಬೆಳಕು ಹರಿಯೋ ಮೊದಲು ಯಾರೋ ನನ್ನ ಕಾಲು ಅಲುಗಾಡಿಸಿದ್ರು. "ಏಳವ್ವಾ. ಹೂ ಅರಳೂ ಹೊತ್ತಾತು."

ಹೊಲಕ್ಕೆ ಹೋದ್ವಿ. ಆಯಿಯ ಎರಡು ಸಾಲಿನಲ್ಲಿ ಗಂಡು ಹೂ ಗೊಂಚಲು ಗೊಂಚಲು ಅರಳಿದ್ವು. ನಾಲ್ಕೈದು ಜೇನು ಅಲ್ಲೇ ಸುತ್ತಾಡ್ತಿದ್ವು, ಆಚೆ ಮುದುಡಿದ ಬಳ್ಳಿಗಳ ಕಡೆ ಹಾಯ್ತಾನೇ ಇರಲಿಲ್ಲ. ಸುತ್ತ ಹೊಲ ಇದ್ದಾಗ ಜೇನಿಗೆ ಬರ ಇರಲಿಲ್ಲಂತೆ. ಈಗ ಸುತ್ತ ಪ್ಲಾಟು. ಆಯಿ ಒಂದು ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಕೇಸರವನ್ನ ಒಂದು ಹೆಣ್ಣು ಹೂವಿನೊಳಗೆ ಮೆಲ್ಲಗೆ ಉಜ್ಜಿದಳು. ಹಿತ್ತಲ ಕುಂಬಳಕ್ಕೆ ಅವಳು ಯಾವಾಗಲೂ ಮಾಡ್ತಿದ್ದದ್ದು ಅದೇ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಹೂ ಅರಳಿರೋದು ಒಂದೇ ದಿನ, ಮುಂಜಾನೆಯ ಪರಾಗವೇ ಚೊಲೊ. ಬಿಸಿಲು ಏರಿದ ಮೇಲೆ ಉಪಯೋಗ ಇಲ್ಲ.

ಬೆನ್ನು ಬಾಗಿಸಿ ಇಬ್ಬರೂ ಸಾಲಿನ ಆಚೆ ಈಚೆ ನಡೀತಿದ್ವಿ. ಬಹಳ ಹೊತ್ತಿನ ಮೇಲೆ ಆಯಿ, ನನ್ನ ಮುಖ ನೋಡದೆ ಹೇಳಿದಳು.

"ನೀ ಹುಟ್ಟಿದಾಗ ನಾ ಅತ್ತಿದ್ದು ಖರೆ ಐತಿ. ನನಗ ಮೊದಲ ಮೂರೂ ಹೆಣ್ಣ. ಆಮ್ಯಾಲ ನಿಮ್ಮಪ್ಪ, ನಿಮ್ಮ ಕಾಕಾ. ಆ ಮೂರೂ ಬಾಣಂತನದಾಗ ನನಗ ಯಾರೂ ನೆಟ್ಟಗ ಉಣ್ಣಾಕ ಹಾಕಲಿಲ್ಲ. ಮೂರನೇದಕ್ಕಂತೂ ಎಂಟನೇ ದಿನಕ್ಕ ಹೊಲಕ್ಕ ಹಚ್ಚಿದ್ರು. ನಿಮ್ಮವ್ವಗೂ ಅದ ಗತಿ ಬರತೈತೇನೋ ಅಂತ ಅತ್ತೆ."

ನಾನು ಕೈಯಲ್ಲಿನ ಹೂ ಹಿಡಕೊಂಡು ನಿಂತೇ ಇದ್ದೆ.

"ಬರಲಿಲ್ಲ" ಅಂದಳು. "ನಾ ಬರಗೊಡಲಿಲ್ಲ. ಹೂಂ, ಮುಂದ ನಡಿ, ಬಿಸಲ ಏರತೈತಿ."

ಹದಿನೈದು ದಿನ ಹಂಗೇ ಮಾಡಿದ್ವಿ. ಐದೂವರೆಯಿಂದ ಎಂಟರ ತನಕ ಹೊಲ, ಆಮೇಲೆ ಸ್ನಾನ, ಸಿಟಿ ಬಸ್ಸು, ಹೊಸೂರಿನಿಂದ ಚಿಗರಿ. ಮೊದಲ ಪಿರಿಯಡ್ಡಿಗೆ ಲೇಟು. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ನನ್ನ ಹೆಸರು ಯಾಕಿತ್ತು ಅಂತ ಕೇಳಿದವರಿಗೆ ಇದೇ ಉತ್ತರ. ನಡುವೆ ರಂಗ ಪಂಚಮಿ ಬಂತು. ಹುಬ್ಬಳ್ಳಿ ಬೀದಿಯಲ್ಲಿ ಹಲಗೆ ಬಾರಿಸೋ ಸದ್ದು ಹೊಲದ ತನಕ ಕೇಳ್ತಿತ್ತು. ಗೆಳತಿಯರು ಫೋನ್ ಮಾಡಿ ಬಣ್ಣ ಆಡಾಕ ಬಾ ಅಂದ್ರು. ಬೆರಳಿಗೆ ಅಂಟಿದ ಹಳದಿ ಪರಾಗದ ಫೋಟೋ ಕಳಿಸಿ, ನಂದು ಶುರುವಾಗಿದೆ ಅಂದೆ.

ಆ ದಿನಗಳಲ್ಲೇ ಆಯಿಗೆ ಇನ್ನೊಂದು ವಿಷಯ ಹೇಳಿದೆ. ಬರೀ ಹೆಣ್ಣು ಹೂ ಬಿಡೋ ತಳಿಗಳ ಬೀಜ ಉಳಿಸಬೇಕಂದ್ರೆ ಗಂಡು ಹೂ ಬೇಕಲ್ಲ, ಅದಕ್ಕೆ ಬೀಜದವರು ಬೆಳ್ಳಿಯ ಲವಣ ಹೊಡೀತಾರೆ, ಸಿಲ್ವರ್ ನೈಟ್ರೇಟು. ಬೆಳ್ಳಿ ಎಥಿಲೀನಿನ ಮಾತು ಗಿಡಕ್ಕೆ ಕೇಳದಂಗೆ ಮಾಡ್ತದೆ, ಆಗ ಹೆಣ್ಣು ಬಳ್ಳಿಯಲ್ಲೂ ಗಂಡು ಹೂ ಬರ್ತವೆ ಅಂದೆ. ಆಯಿ ತನ್ನ ಕಾಲುಂಗುರ ನೋಡಿಕೊಂಡು, "ಐವತ್ತ ವರ್ಷ ಆತು ಬೆಳ್ಳಿ ಹಾಕ್ಕೊಂಡು, ನನಗೇನೂ ಆಗಲಿಲ್ಲಲ್ಲ" ಅಂದಳು. ಸಾಲಿನಲ್ಲೇ ಕೂತು ಇಬ್ಬರೂ ನಕ್ವಿ.

ಔಷಧದ ಜೋರು ಇಳಿದ ಮೇಲೆ ಏಪ್ರಿಲ್ ಹೊತ್ತಿಗೆ ಬಳ್ಳಿ ಮತ್ತೆ ಚಿಗುರಿ, ಗಂಡು ಹೂವೂ ಬಂದ್ವು. ಕಾಯಿ ಬಂತು, ತಡವಾಗಿ ಬಂತು. ಸಂತೆಯಲ್ಲಿ ರೇಟು ಇಳಿದ ಮೇಲೆ ಬಂತು. ಆಯಿಯ ಎರಡು ಸಾಲಿನ ಬಳ್ಳಿಗಳು ಒಂದೊಂದೂ ಕೊಟ್ಟಷ್ಟು ಕಾಯನ್ನ ಔಷಧ ಹೊಡೆದ ಬಳ್ಳಿಗಳು ಕೊಡಲಿಲ್ಲ. ಅಪ್ಪ ಖರ್ಚು ವೆಚ್ಚ ಬರೆದ, ಕೆಳಗೆ ಗೆರೆ ಹೊಡೆದ, ಪುಸ್ತಕ ಮುಚ್ಚಿದ. ಎಷ್ಟು ಉಳೀತು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ. ಲೇಔಟ್‌ನವರು ಮತ್ತೆ ಬಂದಾಗ ಅವ್ವ ಅವರಿಗೆ ಚಹಾ ಕೊಟ್ಟಳು. ಅಪ್ಪ, "ಬರೂ ವರ್ಷ ನೋಡೂಣ್ರಿ" ಅಂದ. ಅದು ನನ್ನ ಲೆಕ್ಕದ ಮೇಲಿನ ನಂಬಿಕೆಯಿಂದ ಅಂತ ನಾನು ಅಂದುಕೊಂಡಿಲ್ಲ. ದಿನಾ ಮುಂಜಾನೆ ಹೊಲದಲ್ಲಿ ಇಬ್ಬರನ್ನ ನೋಡ್ತಿದ್ದ, ಅದರಿಂದ ಇರಬಹುದು.

ಈ ಫೆಬ್ರುವರಿಯಲ್ಲಿ ಮತ್ತೆ ಬೀಜ ಊರಿದ್ದೀವಿ. ಈ ಸಲ ಅಪ್ಪನೇ ಎಥೆಫಾನ್ ಬಾಟಲಿ ಮಾಡದಿಂದ ಇಳಿಸಿಕೊಟ್ಟ. ಬೋರಿನ ನೀರನ್ನ ಮೊದಲು ಪಿಎಚ್ ಪೇಪರಿನಲ್ಲಿ ನೋಡಿದೆ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಪಂಪಿಗೆ ಎಂಟು ಎಂಎಲ್, ಎರಡೇ ಸಲ. ಅದೂ ಹೊಲದ ಅರ್ಧಕ್ಕೆ ಮಾತ್ರ, ನಡುನಡುವೆ ಸಾಲು ಬಿಟ್ಟು. ಮೊನ್ನೆ ಎರಡನೇ ಸಲ ಹೊಡೆಯೋ ಮೊದಲು ಆಯಿ ಒಡ್ಡಿನ ಮೇಲೆ ಕೂತು ಕೇಳಿದಳು, "ಹೂ ಯಾವಾಗ ಕಾಣತಾವು?"

"ಇನ್ನ ಮೂರು ವಾರ ಆಯಿ."

"ಕಾಯ್ತೀ?"

"ಕಾಯ್ತೀನಿ."